ರೂನೆಯ ಹದಿನೆಂಟು ಕಿಲೋ ಹೊಟ್ಟೆಕಿಚ್ಚು

"ಇನ್ಮೇಲೆ ಈ ಮನೆಗೆ ಸಾಮಾನು ತರೋನು ನಾನು! ನನ್ನ ಕಣ್ಣು ತಪ್ಪಿಸಿ ಒಂದು ಗ್ರಾಂ ಆಚೀಚೆ ಆಗಲಿ, ನೋಡೇಬಿಡ್ತೀನಿ!"

ಹೀಗೆಂದು ರೂನೆ ಊಟದ ಮೇಜನ್ನು ಗುದ್ದಿದ ರಭಸಕ್ಕೆ ಬೇಯಿಸಿದ ಆಲೂಗಡ್ಡೆಯೊಂದು ತಟ್ಟೆಯಿಂದ ಹಾರಿ ನೆಲದ ಮೇಲೆ ಉರುಳಿತು. ಅವನ ಹೆಂಡತಿ ಮೈಬ್ರಿಟ್ ಅದನ್ನು ಎತ್ತಿ, ನಲ್ಲಿಯಡಿ ತೊಳೆದು, ಮತ್ತೆ ಅವನ ತಟ್ಟೆಗೇ ಹಾಕಿದಳು.

"ಮೊದಲು ಇದನ್ನ ಹಿಡ್ಕೊ. ಗ್ರಾಂ ಆಮೇಲೆ ಹಿಡಿಯೋವಂತೆ."

ರೂನೆ ಬರೀ ಬಾಯಿಬಡುಕನೇನಲ್ಲ. ಕಾಲ್ಮಾರ್ ಊರಿನ ವಾಹನ ತಪಾಸಣೆ ಕೇಂದ್ರದಲ್ಲಿ ಅವನೆಂದರೆ ನಡುಕ. ಕಾರಿನ ಹೊಟ್ಟೆಯ ಕೆಳಗೆ ನಿಂತು ಅವನು ಟಾರ್ಚು ಬಿಟ್ಟರೆ ಎಲ್ಲೋ ಮೂಲೆಯಲ್ಲಿ ಅವಿತಿದ್ದ ತುಕ್ಕು ತಾನಾಗಿಯೇ ಕೈಯೆತ್ತಿ ಶರಣಾಗುತ್ತಿತ್ತು. "ನಪಾಸು!" ಎಂದು ಅವನು ಹೇಳಿದ ಮೇಲೆ ಅಪೀಲೇ ಇಲ್ಲ. ಆದರೆ ಇಂಥ ಹದ್ದಿನ ಕಣ್ಣಿನ ಮನುಷ್ಯ ಮದುವೆಯಾದ ಮೇಲೆ ದಿನಸಿ ಅಂಗಡಿಯೊಳಗೆ ಕಾಲಿಟ್ಟವನಲ್ಲ. ಗುರುವಾರ ಸಂಜೆ ಹೆಂಡತಿಯನ್ನು ಅಂಗಡಿ ಬಾಗಿಲಲ್ಲಿ ಇಳಿಸುವುದು, ತಾನು ಕಾರಲ್ಲೇ ಕೂತು ರೇಡಿಯೋದಲ್ಲಿ ಐಸ್-ಹಾಕಿ ಪಂದ್ಯದ ವರ್ಣನೆ ಕೇಳುವುದು, ಅವಳು ಚೀಲ ಹೊತ್ತು ಬಂದಾಗ ಕೂತಲ್ಲಿಂದಲೇ ಡಿಕ್ಕಿ ತೆರೆಯುವ ಗುಂಡಿ ಒತ್ತುವುದು. ಇದನ್ನೇ ಅವನು ಸಂಸಾರದ ಹೊಣೆ ಹಂಚಿಕೊಳ್ಳುವುದು ಅಂತ ತಿಳಿದಿದ್ದ.

ಹಾಗಿದ್ದ ರೂನೆಯ ಹೊಟ್ಟೆಯೊಳಗೆ ಒಲೆ ಹೊತ್ತಿದ್ದು ಒಂದು ಕಾಫಿ ಪೊಟ್ಟಣದಿಂದ.

"ರೂನೆ, ಇಲ್ಲಿ ನೋಡು. ಏನು ಕಾಣಿಸ್ತಿದೆ?" ಎಂದು ಮೈಬ್ರಿಟ್ ಒಂದು ಸಂಜೆ ಪೊಟ್ಟಣವನ್ನು ಅವನ ಮೂಗಿನ ಮುಂದೆ ಹಿಡಿದಿದ್ದಳು.

"ಕಾಫಿ ಪೊಟ್ಟಣ."

"ಸರಿಯಾಗಿ ನೋಡು."

"ಕೆಂಪು ಕಾಫಿ ಪೊಟ್ಟಣ."

"ಅರ್ಧ ಕಿಲೋ ಇತ್ತು ಕಣೋ, ಈಗ ನಾನೂರೈವತ್ತು ಗ್ರಾಂ! ಬೆಲೆ ಅಷ್ಟೇ, ಎತ್ತರ ಅಷ್ಟೇ. ಪಕ್ಕದಿಂದ ಮಾತ್ರ ಹೊಟ್ಟೆ ಒಳಗೆಳ್ಕೊಂಡು ನಿಂತಿದೆ, ಫೋಟೋ ತೆಗೆಯೋವಾಗ ನೀನು ನಿಲ್ತೀಯಲ್ಲ, ಹಾಗೆ! ನಾನೂ ಫೋಲ್ಕೆನೂ ಇವತ್ತು ಅಂಗಡೀಲಿ ಕಂಡುಹಿಡಿದ್ವಿ."

"ಫೋಲ್ಕೆ? ಯಾವ ಫೋಲ್ಕೆ?"

"ನಮ್ಮ ಕೆಳಗಿನ ಮಹಡಿಯವನು. ಹಡಗಿನ ಇಂಜಿನ್ ನೋಡ್ಕೊಳ್ತಿದ್ದನಲ್ಲ, ಈಗ ರಿಟೈರ್ ಆಗಿದ್ದಾನೆ."

ರೂನೆ ಫೋಲ್ಕೆಯನ್ನು ಮೆಟ್ಟಿಲಲ್ಲಿ ಕಂಡಿದ್ದ. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಈ ಕಟ್ಟಡಕ್ಕೆ ಬಂದವನು. ತೆಂಗಿನ ಮರದಷ್ಟು ಎತ್ತರ. ಕಿವಿ ಮುಚ್ಚುವಷ್ಟು ಉದ್ದದ ಬೆಳ್ಳಿ ಕೂದಲು. ಸಾಲದ್ದಕ್ಕೆ ಮುಗುಳ್ನಗೆ! ಆ ವಯಸ್ಸಿನಲ್ಲಿ ಅಷ್ಟೊಂದು ಹಲ್ಲು ಸ್ವಂತದ್ದಿರಲು ಸಾಧ್ಯವೇ ಇಲ್ಲ ಎಂದು ರೂನೆ ಅವತ್ತೇ ತಪಾಸಣೆ ಮುಗಿಸಿ ತೀರ್ಪು ಕೊಟ್ಟಿದ್ದ. ನಪಾಸು!

ಅಲ್ಲಿಂದಾಚೆ ಪ್ರತಿ ಗುರುವಾರ ಹೊಸ ಹೊಸ ಪತ್ತೇದಾರಿ. ರೊಟ್ಟಿಗೆ ಹಚ್ಚುವ ಮೀನಿನ ಮೊಟ್ಟೆಯ ಪೇಸ್ಟಿನ ಟ್ಯೂಬು ತೆಳ್ಳಗಾಯಿತು. ಬಿಸ್ಕತ್ತಿನ ಡಬ್ಬಿಯೊಳಗೆ ಬಿಸ್ಕತ್ತುಗಳು ಒಂದರಿಂದ ಒಂದು ದೂರ ಸರಿದು, ಜಗಳವಾಡಿದ ಓರಗಿತ್ತಿಯರ ಹಾಗೆ ಕೂತವು. ಜಾಮಿನ ಬಾಟಲಿಯ ತಳ ಒಳಕ್ಕೆ ಉಬ್ಬಿತು. ಟಾಯ್ಲೆಟ್ ಪೇಪರಿನ ಸುರುಳಿಯಲ್ಲಿ ಪೇಪರು ಸಣ್ಣಗಾಗಿ ನಡುವಿನ ರಟ್ಟಿನ ಕೊಳವೆ ದಪ್ಪಗಾಯಿತು.

"ಶೆಲ್ಫಿನ ಚೀಟೀಲಿ ದಪ್ಪಗೆ ಬರೆದಿರೋ ಬೆಲೆ ಇದೆಯಲ್ಲ, ಅದು ನಿನ್ನಂಥೋರಿಗೆ" ಎಂದು ಮೈಬ್ರಿಟ್ ಉತ್ಸಾಹದಿಂದ ವಿವರಿಸುತ್ತಿದ್ದಳು. "ಅದರ ಕೆಳಗೆ ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ ಕಿಲೋ ದರ ಇರುತ್ತೆ. ಪೊಟ್ಟಣ ಎಷ್ಟು ನಾಟಕ ಆಡಿದ್ರೂ ಅದು ಸುಳ್ಳು ಹೇಳಲ್ಲ. ದೊಡ್ಡ ಪೊಟ್ಟಣಾನೇ ಅಗ್ಗ ಅಂತ ಅನ್ಕೊಂಡಿದ್ದೆ ನಾನು. ಓಟ್ಸ್‌ನಲ್ಲಿ ಚಿಕ್ಕದೇ ಅಗ್ಗ! ಫೋಲ್ಕೆಗೆ ಹೇಳಿದೆ, ಅವನಿಗೆ ಎಷ್ಟು ಆಶ್ಚರ್ಯ ಅಂತೀಯ! ಹೀಗೆ ಹೀಗೆ ತಲೆಯಾಡಿಸಿದ."

ರೂನೆಗೆ ಕಿಲೋ ದರ ಕೇಳಿಸಲಿಲ್ಲ, ಓಟ್ಸ್ ಕೇಳಿಸಲಿಲ್ಲ. ಫೋಲ್ಕೆ ಎಂಬುದೊಂದು ಮಾತ್ರ ಕಿವಿಯೊಳಗೆ ಮೊಳೆ ಹೊಡೆದಂತೆ ಕೂತಿತು. ಮುಂದಿನ ಗುರುವಾರ ಐಸ್ ಹಾಕಿಯಲ್ಲಿ ಯಾರು ಗೋಲು ಹೊಡೆದರೋ ಅವನಿಗೆ ತಿಳಿಯಲಿಲ್ಲ. ಕಾರಿನೊಳಗಿಂದ ಕತ್ತು ಚಾಚಿ, ಅಂಗಡಿಯ ಗಾಜಿನಾಚೆ ನೋಡುತ್ತಿದ್ದ. ಹಿಟ್ಟಿನ ಸಾಲಿನಲ್ಲಿ ಎರಡು ತಲೆ. ಒಂದು ಮೈಬ್ರಿಟ್‌ಳದ್ದು, ಒಂದು ಬೆಳ್ಳಿಯದ್ದು. ಕೆಳಗಿನ ಶೆಲ್ಫಿನ ಹತ್ತಿರ ಎರಡೂ ಒಟ್ಟಿಗೆ ಬಾಗಿದವು. ಎದ್ದವು. ಮತ್ತೆ ಬಾಗಿದವು. ಅವಳು ಏನೋ ಹೇಳುತ್ತಿದ್ದಾಳೆ, ಅವನು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಿದ್ದಾನೆ! ಮೈದಾಹಿಟ್ಟಿನ ವಿಚಾರದಲ್ಲಿ ಎದೆ ಮುಟ್ಟಿಕೊಳ್ಳುವಂಥದ್ದು ಏನಿರುತ್ತೆ?

ಸಾಲದ್ದಕ್ಕೆ ಆ ಗುರುವಾರ ಮೈಬ್ರಿಟ್ ತುಟಿಗೆ ಬಣ್ಣ ಹಚ್ಚಿದ್ದಳು.

"ಅಂಗಡಿಗೆ ಹೋಗೋಕೆ ತುಟಿಗೆ ಬಣ್ಣ ಯಾಕೆ? ಮೈದಾಹಿಟ್ಟು ನಿನ್ನ ಮುಖ ನೋಡುತ್ತಾ?"

"ಮೈದಾಹಿಟ್ಟಾದ್ರೂ ನೋಡ್ಲಿ ಅಂತ" ಎಂದಳು ಅವಳು, ಚೀಲ ಹೆಗಲಿಗೇರಿಸುತ್ತ.

ಆ ರಾತ್ರಿಯ ಊಟದಲ್ಲೇ ರೂನೆ ಮೇಜು ಗುದ್ದಿದ್ದು, ಆಲೂಗಡ್ಡೆ ಹಾರಿದ್ದು. ಹಡಗಿನ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವನೊಬ್ಬ ಬಿಸ್ಕತ್ತಿನ ಮೋಸ ಹಿಡಿಯುತ್ತಾನಂತೆ, ತುಕ್ಕಿನ ಕಾಲಯಮ ರೂನೆ ಬಾಯಿ ಮುಚ್ಚಿಕೊಂಡು ಕೂರಬೇಕಂತೆ! ಫೋಲ್ಕೆ ಕಂಡುಹಿಡಿದದ್ದಕ್ಕಿಂತ ದೊಡ್ಡ ಮೋಸವೊಂದನ್ನು ಹಿಡಿದು ಹೆಂಡತಿಯ ಮುಂದೆ ಕೆಡವುವುದು ಎಂದು ಅವನು ಶಪಥ ಮಾಡಿಬಿಟ್ಟ.

ಮಂಗಳವಾರ ಕೆಲಸ ಮುಗಿಸಿ, ಟೈರಿನ ಸವೆತ ಅಳೆಯುವ ಕಡ್ಡಿಯನ್ನು ಜೇಬಿಗಿಳಿಸಿ, ಅಂಗಡಿಗೆ ನುಗ್ಗಿದ. ಬಿಸ್ಕತ್ತಿನ ದಪ್ಪ ಅಳೆದ. ಚಾಕಲೇಟಿನ ಉದ್ದ ಅಳೆದ. ಸಾಸೇಜಿನ ಸುತ್ತಳತೆ ಅಳೆಯುತ್ತಿದ್ದಾಗ ಅಂಗಡಿಯ ಹುಡುಗಿಯೊಬ್ಬಳು ಬಂದು, "ಏನಾದ್ರೂ ಸಹಾಯ ಬೇಕಿತ್ತಾ?" ಎಂದಳು.

"ತಪಾಸಣೆ ನಡೀತಿದೆ!" ಎಂದ ರೂನೆ, ಗಂಭೀರವಾಗಿ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಅವನನ್ನು ಕಾಯುತ್ತ ನಿಂತಳು.

ಕೊನೆಗೂ ಸಿಕ್ಕಿತು! ರೂನೆ ಮನೆಗೆ ಓಡೋಡಿ ಬಂದು ಮೇಜಿನ ಮೇಲೊಂದು ಗರಿಗರಿ ರೊಟ್ಟಿಯ ಕಟ್ಟು ಕುಕ್ಕಿದ. ತಟ್ಟೆಯಗಲದ, ಕಡುಕಂದು ಬಣ್ಣದ, ನಡುವೆ ತೂತಿರುವ ರೈ ರೊಟ್ಟಿ.

"ನೋಡು, ನೋಡು! ನಡುವೆ ಏನಿದೆ?"

"ತೂತು."

"ಹಾಂ! ಆ ತೂತಿಗೂ ನಾವು ದುಡ್ಡು ಕೊಡ್ತಿದ್ದೀವಿ ಕಣೇ! ಒಂದು ಕಟ್ಟಿಗೆ ಎಷ್ಟು ತೂತು, ವರ್ಷಕ್ಕೆ ಎಷ್ಟು ತೂತು! ಹಗಲು ದರೋಡೆ! ನಿನ್ನ ಫೋಲ್ಕೆಗೆ ಇದು ಕಾಣಿಸ್ತಾ?"

ಮೈಬ್ರಿಟ್ ಕೈಲಿದ್ದ ಬಟ್ಟಲು ಕೆಳಗಿಟ್ಟಳು. ಕುರ್ಚಿಯ ಮೇಲೆ ಕೂತಳು. ಅವಳ ಭುಜ ಕುಲುಕತೊಡಗಿತು.

"ಹಿಂದೆಲ್ಲ ರೊಟ್ಟಿ ಸುಟ್ಟು ಕೋಲಿಗೆ ಪೋಣಿಸಿ ಸೂರಿಗೆ ನೇತು ಹಾಕ್ತಿದ್ರು ಮಾರಾಯ, ಅದಕ್ಕೇ ತೂತು. ನಿನ್ನ ಮುತ್ತಜ್ಜಿಯ ಮುತ್ತಜ್ಜಿ ಕಾಲದ ತೂತು ಅದು! ಮತ್ತೆ ಕಿಲೋ ದರ ಅಂದ್ರೆ ತೂಕಕ್ಕೆ. ತೂತಿಗೆ ಎಲ್ಲಿದೆ ತೂಕ?" ಎಂದವಳು ಕಣ್ಣೊರೆಸಿಕೊಂಡು, "ಇದನ್ನ ಫೋಲ್ಕೆಗೆ ಹೇಳ್ಲೇಬೇಕು!" ಎಂದಳು.

ತೂತಿಗೆ ತೂಕವಿಲ್ಲದಿದ್ದರೂ ಆ ಮಾತಿಗಿತ್ತು. ಅದು ನೇರವಾಗಿ ರೂನೆಯ ಎದೆಯ ಮೇಲೆ ಬಿತ್ತು. ಮೂರು ದಿನ ಅವನು ಮುಖ ಊದಿಸಿಕೊಂಡೇ ಓಡಾಡಿದ. ಊರಿನ ಕಾರುಗಳು ಆ ಮೂರು ದಿನ ಸಾಲುಸಾಲಾಗಿ ನಪಾಸಾದವು. ಒಬ್ಬ ಪಾಪದ ಪಾದ್ರಿಯ ಕಾರು, ಒಳಗೆ ಪರಿಮಳದ ಗೊಂಬೆ ನೇತಾಡುತ್ತದೆ ಎಂಬ ಕಾರಣಕ್ಕೆ ಬೈಸಿಕೊಂಡಿತು.

ಶುಕ್ರವಾರ ರೂನೆಗೆ ಬಟ್ಟೆ ಒಗೆಯುವ ಸರದಿ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಗೆಯುವ ಕೋಣೆ. ಅವನು ಇಳಿದು ಹೋದಾಗ ಎರಡೂ ಯಂತ್ರಗಳು ಗಡಗಡ ತಿರುಗುತ್ತಿದ್ದವು, ಮೂಲೆಯಲ್ಲಿ ಬಟ್ಟೆ ಒಣಗಿಸುವ ಗಾಳಿಯಂತ್ರ ಬೊಬ್ಬಿಡುತ್ತಿತ್ತು. ಆ ಗದ್ದಲದ ನಡುವೆ ಫೋಲ್ಕೆ ನಿಂತು, ಹಾಸಿಗೆ ಹೊದಿಕೆಯೊಂದನ್ನು ಅಂಚಿಗೆ ಅಂಚು ಕೂಡಿಸಿ, ಸಾವಕಾಶವಾಗಿ ಮಡಚುತ್ತಿದ್ದ. ಮಡಚುವುದರಲ್ಲೂ ಅದೇನು ಠೀವಿ! ರೂನೆಗೆ ಇನ್ನು ತಡೆಯಲಾಗಲಿಲ್ಲ.

"ನೋಡು ಫೋಲ್ಕೆ, ಸುತ್ತಿ ಬಳಸಿ ಮಾತಾಡೋನಲ್ಲ ನಾನು. ನಿಜ ಹೇಳಿಬಿಡು. ನನ್ನ ಹೆಂಡತಿ ಮೇಲೆ ನಿನಗೆ ಮನಸ್ಸಿದೆಯಾ?"

ಫೋಲ್ಕೆ ಹೊದಿಕೆ ಕೆಳಗಿಟ್ಟು, ಬೆಚ್ಚಗೆ ನಕ್ಕು, ಜೋರಾಗಿ ತಲೆಯಾಡಿಸಿದ.

"ಹೂಂ, ಖಂಡಿತ! ತುಂಬಾ ಸಂತೋಷ!"

ರೂನೆಯ ಕೈಯಿಂದ ಬಟ್ಟೆಯ ಬುಟ್ಟಿ ಜಾರಿತು. "ಸಂತೋಷಾನಾ? ನನ್ನ ಮುಖ ನೋಡ್ಕೊಂಡು ಹೇಳ್ತಿದ್ದೀಯ? ನಾಚಿಕೆ ಆಗಲ್ವಾ ನಿನಗೆ?"

"ಇಲ್ಲ, ಇಲ್ಲ, ಏನೂ ತೊಂದರೆಯಿಲ್ಲ" ಎಂದು ಫೋಲ್ಕೆ ಅವನ ಭುಜ ತಟ್ಟಿದ. "ನಾಳೆ ಮಧ್ಯಾಹ್ನವೇ ಬರ್ತೀನಿ. ಹೂವು ತರ್ತೀನಿ, ಅವಳಿಗೆ ಟ್ಯುಲಿಪ್ ಇಷ್ಟ ಅಲ್ವಾ?"

ಹೊದಿಕೆ ಎತ್ತಿಕೊಂಡು ಹೊರಟೇಬಿಟ್ಟ! ರೂನೆ ಕೊಳೆ ಕಾಲುಚೀಲವೊಂದನ್ನು ಕೈಯಲ್ಲಿ ಹಿಡಿದುಕೊಂಡು ಯಂತ್ರದ ಮುಂದೆ ಕಂಬವಾಗಿ ನಿಂತ. ಹೆಂಡತಿಗೆ ಟ್ಯುಲಿಪ್ ಇಷ್ಟವೋ ಅಲ್ಲವೋ ಅವನಿಗೆ ನೆನಪೇ ಆಗಲಿಲ್ಲ. ಆ ಯೋಚನೆ ಫೋಲ್ಕೆಯ ಧೈರ್ಯಕ್ಕಿಂತ ಹೆಚ್ಚಾಗಿ ಅವನನ್ನು ಇರಿಯಿತು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಮೈಬ್ರಿಟ್, "ಚೀಸೂ ಕುಗ್ಗಿತು ಕಣೋ. ಕಿಲೋಗೆ ನೂರಾ ಮೂವತ್ತು ಕ್ರೋನಾ ಆಗಿದೆ" ಎಂದು ನಿಟ್ಟುಸಿರಿಟ್ಟಳು. ರೂನೆಯ ತಲೆಯಲ್ಲಿ ಮಿಂಚು ಹೊಡೆಯಿತು. ಟ್ಯುಲಿಪ್ ತರುವವನು ತರಲಿ, ತಾನು ಕಿಲೋ ದರ ತರುತ್ತೇನೆ!

"ಒಂದು ಕೆಲಸ ಇದೆ. ಮಧ್ಯಾಹ್ನದೊಳಗೆ ಬರ್ತೀನಿ. ಎಲ್ಲಿಗೂ ಹೋಗ್ಬೇಡ!" ಎಂದವನೇ ಕಾರು ಹತ್ತಿದ.

ಊರಾಚೆ, ಕಾಡಿನ ರಸ್ತೆಯಲ್ಲಿ ಒಂದೂವರೆ ಗಂಟೆ ಹೋದರೆ ಒಂದು ಚಿಕ್ಕ ಡೈರಿ. ಅಲ್ಲಿ ಚೀಸನ್ನು ತುಂಡಿನ ಲೆಕ್ಕದಲ್ಲಲ್ಲ, ಇಡೀ ಗಾಲಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಹಳದಿ ಮೇಣ ಮೆತ್ತಿದ, ಸ್ಟೂಲಿನಷ್ಟು ಅಗಲದ ಗಾಲಿ. ಹದಿನೆಂಟು ಕಿಲೋ. ಕಿಲೋಗೆ ಎಂಬತ್ತನಾಲ್ಕೇ ಕ್ರೋನಾ!

"ಚಿಕ್ಕ ತುಂಡೂ ಕೊಡ್ತೀವಿ, ಬೇಕಾದ್ರೆ" ಎಂದಳು ಡೈರಿಯ ಹೆಂಗಸು.

"ಅದರ ಕಿಲೋ ದರ?"

"ನೂರು."

"ನಾನೇನು ಮೂರ್ಖನ ಥರ ಕಾಣ್ತೀನಾ?" ಎಂದ ರೂನೆ. ಆಕೆ ಮರ್ಯಾದಸ್ಥೆ, ಉತ್ತರ ಹೇಳಲಿಲ್ಲ.

ಡಿಕ್ಕಿಯಲ್ಲಿಟ್ಟರೆ ಉರುಳುತ್ತದೆಂದು ಚೀಸನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ. ಕೂರಿಸಿದ್ದೇ ತಡ, ಬೆಲ್ಟು ಹಾಕಿಲ್ಲವೆಂದು ಕಾರು ಕೀಂ ಕೀಂ ಎಂದು ಕೂಗತೊಡಗಿತು. ತಪಾಸಣೆಯವನ ಕಾರು ಅಂದರೆ ಸುಮ್ಮನೆಯೇ? ರೂನೆ ಚೀಸಿಗೆ ಬೆಲ್ಟು ಕಟ್ಟಿದ. ದಾರಿಯುದ್ದಕ್ಕೂ ಅದು ಮೈಬ್ರಿಟ್ ಕೂರುವ ಜಾಗದಲ್ಲಿ ಕೂತು, ಬಾಯಿ ಬಿಡದೆ ಬಂತು. ನಡುವೆ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿ, ಊರು ಮುಟ್ಟುವಾಗ ಮಧ್ಯಾಹ್ನ ಕಳೆದೇಹೋಯಿತು.

ಲಿಫ್ಟಿನಿಂದಿಳಿದು, ಚೀಸನ್ನು ಹೊಟ್ಟೆಗೊತ್ತಿಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದರೆ ಏನು ನೋಡುವುದು? ಹೂದಾನಿಯಲ್ಲಿ ಕೆಂಪು ಟ್ಯುಲಿಪ್. ತಟ್ಟೆಯಲ್ಲಿ ದಾಲ್ಚಿನ್ನಿ ಬನ್ನು. ತನ್ನ ಕುರ್ಚಿಯಲ್ಲಿ ಫೋಲ್ಕೆ!

"ಬಾ ರೂನೆ! ಕರೆದದ್ದಕ್ಕೆ ತುಂಬಾ ಥ್ಯಾಂಕ್ಸ್!" ಎಂದ ಫೋಲ್ಕೆ, ಹಲ್ಲು ಕಿರಿದು.

ಕರೆದದ್ದಕ್ಕಂತೆ! ಮನೆಯೊಳಗೆ ಬಂದು, ಕುರ್ಚಿ ಹಿಡಿದು, ಮೇಲೆ ಅಣಕ ಬೇರೆ! ರೂನೆ ಚೀಸನ್ನು ಮೇಜಿನ ನಡುವೆ ದೊಪ್ಪನೆ ಇಳಿಸಿದ. ಮೂರು ಬನ್ನುಗಳು ಅದರಡಿ ಅಪ್ಪಚ್ಚಿಯಾದವು.

"ಕಿಲೋಗೆ ಎಂಬತ್ತನಾಲ್ಕು!" ಎಂದು ಫೋಲ್ಕೆಯ ಮುಖಕ್ಕೇ ಹೇಳಿದ. "ಯಾರಿಗಾದ್ರೂ ಇದಕ್ಕಿಂತ ಕಡಿಮೆಗೆ ತರೋ ತಾಕತ್ತಿದ್ರೆ ತೋರಿಸ್ಲಿ!"

"ಪೆಟ್ರೋಲು?" ಎಂದಳು ಮೈಬ್ರಿಟ್.

"ಏನು ಪೆಟ್ರೋಲು?"

"ಹೋಗಿ ಬರೋಕೆ. ನೂರೈವತ್ತು ಆಗಿರುತ್ತೆ. ಅಂದ್ರೆ ಕಿಲೋಗೆ ತೊಂಬತ್ತೆರಡು." ಅವಳು ಚೀಸಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಇಬ್ಬರೂ ಸೇರಿ ದಿನಕ್ಕೆ ಐವತ್ತು ಗ್ರಾಂ ತಿಂದ್ರೂ ಮುಂದಿನ ಮೇ ತಿಂಗಳವರೆಗೆ ಬರುತ್ತಲ್ಲೋ ಇದು! ಎಲ್ಲಿ ಇಡೋದು?"

"ಫ್ರಿಜ್ ಇರೋದು ಯಾಕೆ?"

ಫೋಲ್ಕೆ ಜಾಣ, ಕಾಫಿ ಮುಗಿಸಿ ಎದ್ದುಹೋದ. ರೂನೆ ಫ್ರಿಜ್ಜಿನ ಹೊಟ್ಟೆ ಬರಿದು ಮಾಡಿದ. ಹಾಲು, ಮೊಸರು, ಉಪ್ಪಿನಲ್ಲಿಟ್ಟ ಮೀನು, ಎಲ್ಲ ಕಿಟಕಿಯ ಕಟ್ಟೆಗೆ ಬಂದವು. ಗಾಜಿನ ಹಲಗೆಯ ಮೇಲೆ ಚೀಸನ್ನು ಏರಿಸಿ ಅಂಗೈಯಿಂದ ತಳ್ಳಿದ. ಅರ್ಧ ಹೋಯಿತು. ಇನ್ನೊಮ್ಮೆ ತಳ್ಳಿದ. ಚಟ್! ಗಾಜಿನ ಹಲಗೆ ಎರಡು ಹೋಳಾಗಿ, ಚೀಸು ಕೆಳಗಿನ ತರಕಾರಿ ಡಬ್ಬಿಯನ್ನೂ ಕರೆದುಕೊಂಡು ತಳ ಸೇರಿತು.

"ಹಲಗೆಗೆ ಆರುನೂರು" ಎಂದಳು ಮೈಬ್ರಿಟ್, ಹಿಂದಿನಿಂದ. "ಈಗ ಕಿಲೋಗೆ ನೂರಾ ಇಪ್ಪತ್ತಾರು."

"ಸುಮ್ನಿರ್ತೀಯಾ ಸ್ವಲ್ಪ?"

"ನಾನೇನೂ ಹೇಳ್ಲಿಲ್ಲಪ್ಪ. ಲೆಕ್ಕ ಹೇಳ್ತು."

ಬಾಲ್ಕನಿಯಲ್ಲಿ ತಂಪಿರುತ್ತದೆಂದು ಚೀಸು ಅಲ್ಲಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಸೂರ್ಯ ಏಳುವ ಮೊದಲೇ ಸಮುದ್ರದ ಕಡೆಯಿಂದ ಕಡಲಹಕ್ಕಿಗಳು ಎದ್ದವು. ಕಾಲ್ಮಾರಿನ ಕಡಲಹಕ್ಕಿ ಮನುಷ್ಯನ ಕೈಯಿಂದ ಐಸ್‌ಕ್ರೀಮ್ ಕಿತ್ತುಕೊಳ್ಳುವ ಜಾತಿ. ಮೇಣವೆಲ್ಲ ಅದಕ್ಕೆ ಯಾವ ಲೆಕ್ಕ! ರೂನೆ ಪೊರಕೆ ಹಿಡಿದು, ಒಳಚಡ್ಡಿಯಲ್ಲೇ ಬಾಲ್ಕನಿಗೆ ಹಾರಿ ಯುದ್ಧ ಮಾಡಿದ. ಎದುರು ಕಟ್ಟಡದವರು ಕಾಫಿ ಹಿಡಿದುಕೊಂಡು ಬಂದು ನೋಡಿದರು. ಯುದ್ಧ ಮುಗಿದಾಗ ಚೀಸಿನ ನೆತ್ತಿಯಲ್ಲೊಂದು ಹಳ್ಳ. ಕೊಕ್ಕು ತಾಗಿದ್ದನ್ನೆಲ್ಲ ಮೈಬ್ರಿಟ್ ದೊಡ್ಡ ಚಾಕುವಿನಿಂದ ಕೊರೆದು ಎಸೆದಳು.

"ಎರಡು ಕಿಲೋ ಹೋಯ್ತು. ಉಳಿದದ್ದರ ಕಿಲೋ ದರ ನೂರಾ ನಲವತ್ತೊಂದು. ಅಂಗಡಿಯನ್ನ ದಾಟಿಬಿಟ್ಟೆ ಕಣೋ! ಅಭಿನಂದನೆ!"

ರೂನೆ ಬೆಪ್ಪುತಕ್ಕಡಿಯಂತೆ ನಿಂತ. ತಕ್ಕಡಿಯ ಒಂದು ತಟ್ಟೆಯಲ್ಲಿ ಚೀಸು, ಇನ್ನೊಂದರಲ್ಲಿ ಅವನ ಮರ್ಯಾದೆ. ಎರಡೂ ಇಳಿಯುತ್ತಿದ್ದವು. ಆದರೆ ಅದಕ್ಕಿಂತ ಕೆಟ್ಟದ್ದೊಂದು ಬಾಕಿಯಿತ್ತು.

"ಕೆಳಗಿನ ಉಗ್ರಾಣದಲ್ಲಿ ತಂಪಿದೆ, ಅಲ್ಲಿಡು. ಲಿಫ್ಟು ರಿಪೇರೀಲಿದೆ, ನಿಧಾನ. ಇಲ್ಲಾಂದ್ರೆ ಫೋಲ್ಕೆನ ಕರಿ, ಒಂದು ಕಡೆ ಅವನು ಹಿಡ್ಕೋತಾನೆ" ಎಂದಳು ಮೈಬ್ರಿಟ್.

"ಅವನ ಕೈ ಇದಕ್ಕೆ ತಾಗಿದ್ರೆ ನಾನು ಇದನ್ನ ತಿನ್ನಲ್ಲ!"

ಒಬ್ಬನೇ ಹೊತ್ತು ಹೊರಟ. ಮೊದಲ ಮೂರು ಮೆಟ್ಟಿಲು ಗಂಭೀರವಾಗಿ ಇಳಿದ. ಬಿಸಿಲಿಗೆ ಬೆವೆತಿದ್ದ ಚೀಸು ನಾಲ್ಕನೆಯ ಮೆಟ್ಟಿಲಲ್ಲಿ ಸಾಬೂನಿನಂತೆ ಕೈಜಾರಿತು. ಆಮೇಲೆ ಅದರ ವೇಗ ನೋಡಬೇಕು! ಧಡ್, ಧಡ್, ಧಡ್ ಎಂದು ಮೆಟ್ಟಿಲು ಹಾರಿ, ತಿರುವಿನಲ್ಲಿ ಗೋಡೆಗೆ ಒರಗಿ ದಿಕ್ಕು ಬದಲಿಸಿ, ಇನ್ನಷ್ಟು ರಭಸದಿಂದ ಇಳಿದು, ಎರಡನೆಯ ಮಹಡಿಯ ಬಾಗಿಲೊಂದಕ್ಕೆ ಫಿರಂಗಿಯ ಗುಂಡಿನಂತೆ ಅಪ್ಪಳಿಸಿತು. ಆ ಬಾಗಿಲಿನ ಮೇಲೆ ಹಿತ್ತಾಳೆಯ ಫಲಕ. ಫಲಕದ ಮೇಲೆ ಫೋಲ್ಕೆಯ ಹೆಸರು!

ಇಡೀ ಕಟ್ಟಡ ಎದ್ದಿತು. ಮೇಲಿನವರು, ಕೆಳಗಿನವರು, ಬಲಗಡೆಯವರು, ಎಲ್ಲರ ಬಾಗಿಲೂ ತೆರೆಯಿತು. ಕೆಳಗಿನ ಮಹಡಿಯ ನಾಯಿ ಬೊಗಳಿತು. ಒಂದೇ ಒಂದು ಬಾಗಿಲು ಮುಚ್ಚಿಕೊಂಡೇ ಇತ್ತು.

"ಹೆದರಿ ಅಡಗಿದ್ದಾನೆ!" ಎಂದು ರೂನೆ ಮುಷ್ಟಿಯಿಂದ ಬಾಗಿಲು ಬಡಿದ. ಎಷ್ಟೋ ದಿನದಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಉಕ್ಕಿ ಬಂತು. "ಬಾ ಆಚೆ! ಬಂದು ಎಲ್ಲರ ಮುಂದೆ ಹೇಳು, ನನ್ನ ಮೈಬ್ರಿಟ್ ಜೊತೆ ನಿನಗೇನು ಕೆಲಸ? ಬಾ ಅಂದ್ರೆ!"

ಒಳಗಿಂದ ಸದ್ದಿಲ್ಲ. ಮೆಟ್ಟಿಲ ತುಂಬ ನಿಂತ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನಿಂದ ಚಪ್ಪಲಿಯ ಸದ್ದು. ಮೈಬ್ರಿಟ್ ಇಳಿದು ಬಂದಳು. ಅವಳ ಮುಖ ಕೆಂಪಾಗಿತ್ತು.

"ಬಡಿದ್ರೆ ಅವನಿಗೆ ಹೇಗೆ ಗೊತ್ತಾಗುತ್ತೆ? ಗುಂಡಿ ಒತ್ತು" ಎಂದು ತಾನೇ ಕರೆಗಂಟೆಯ ಗುಂಡಿ ಒತ್ತಿದಳು.

ಗಂಟೆ ಸದ್ದು ಮಾಡಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಮಿಣ್ ಮಿಣ್ ಎಂದು ಮಿನುಗಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಫೋಲ್ಕೆ ಆಗಷ್ಟೇ ಸ್ನಾನ ಮುಗಿಸಿ, ಒದ್ದೆ ಕೂದಲು ಹಿಂದಕ್ಕೆ ಬಾಚಿ ನಿಂತಿದ್ದ. ಜನರನ್ನು ನೋಡಿದ. ಕಾಲಬುಡದಲ್ಲಿ ಬಿರುಕು ಬಿಟ್ಟು ಬಿದ್ದಿದ್ದ ಚೀಸನ್ನು ನೋಡಿದ. ಎಂದಿನಂತೆ ಮುಗುಳ್ನಕ್ಕ.

"ಒಂದ್ನಿಮಿಷ" ಎಂದು ಒಳಗೆ ಹೋಗಿ, ಎರಡು ಪುಟ್ಟ ಯಂತ್ರಗಳನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಬಂದ. "ಹಾಂ, ಈಗ ಹೇಳಿ. ಏನಾಯ್ತು?"

ತುಕ್ಕಿನ ಕಾಲಯಮ ಆ ಕಿವಿಗಳನ್ನು ಅಂದೇ ಮೊದಲ ಸಲ ನೋಡಿದ್ದು!

"ನಿನಗೆ... ಕೇಳಿಸಲ್ವಾ?"

"ಇಂಜಿನ್ ಕೋಣೆ ತಿಂದುಹಾಕ್ತು ಮಾರಾಯ. ಇದನ್ನ ಹಾಕ್ಕೊಂಡ್ರೆ ಪರವಾಗಿಲ್ಲ. ಆದ್ರೆ ಗದ್ದಲ ಇರೋ ಕಡೆ ಹಾಕ್ಕೊಳ್ಳೋಕಾಗಲ್ಲ, ತಲೆ ಸಿಡಿಯುತ್ತೆ. ಅಂಗಡೀಲಿ ಆ ಫ್ರಿಜ್ಜುಗಳ ಗುಂಯ್ ಸದ್ದು ಇದೆಯಲ್ಲ, ಅಪ್ಪಾ!"

"ಒಗೆಯೋ ಕೋಣೇಲಿ?"

"ಅಲ್ಲಂತೂ ಹಾಕೋದೇ ಇಲ್ಲ."

"ಹಾಗಾದ್ರೆ ಶುಕ್ರವಾರ ನಾನು ಕೇಳಿದ್ದು?"

"ಕಾಫಿಗೆ ಬಾ ಅಂತ ಕರೆದೆಯಲ್ಲ!" ಎಂದ ಫೋಲ್ಕೆ, ಮುಖವರಳಿಸಿ. "ಈ ಕಟ್ಟಡಕ್ಕೆ ಬಂದ ಮೇಲೆ ಮನೆಗೆ ಕರೆದೋನು ನೀನೊಬ್ಬನೇ ಗೊತ್ತಾ? ಹಿಂದಿನ ದಿನವೇ ಶರ್ಟಿಗೆ ಇಸ್ತ್ರಿ ಹಾಕಿಟ್ಟಿದ್ದೆ."

ರೂನೆ ಕೆಳಗೆ ನೋಡಿದ, ಚೀಸು ಕಾಣಿಸಿತು. ಮೇಲೆ ನೋಡಿದ, ಜನ ಕಾಣಿಸಿದರು. ಫೋಲ್ಕೆ ಅಷ್ಟರಲ್ಲಿ ಒಳಗಿಂದ ಚಾಕು, ಚೀಸು ಹೆರೆಯುವ ಹತ್ಯಾರ, ಒಂದು ಕಟ್ಟು ತೂತಿನ ರೊಟ್ಟಿ ತಂದು ಮೆಟ್ಟಿಲ ಮೇಲೇ ಕೂತುಬಿಟ್ಟ. ಬಿರುಕು ಬಿಟ್ಟ ಚೀಸು ಇನ್ನು ಉಗ್ರಾಣಕ್ಕೆ ಹೋಗುವಂತಿರಲಿಲ್ಲ. ಬಂದವರಿಗೆಲ್ಲ ಹೆರೆದು ಹೆರೆದು ಕೊಟ್ಟ. ಒಬ್ಬರು ಕಾಫಿ ಕೊಳಗ ತಂದರು. ಬೈಯಲು ಬಂದವರೆಲ್ಲ ಬಾಯಿ ತುಂಬಿಸಿಕೊಂಡು, "ಒಳ್ಳೇ ಚೀಸು!" ಎನ್ನುತ್ತ, ಒಂದೊಂದು ತುಂಡು ಮನೆಗೂ ಕಟ್ಟಿಸಿಕೊಂಡು ಹೋದರು.

ಮೆಟ್ಟಿಲು ಖಾಲಿಯಾದ ಮೇಲೆ ರೂನೆಗೆ ಮೆಲ್ಲಗೆ ಜೀವ ಬಂತು. ಜೀವ ಬಂದ ಕೂಡಲೇ ಜಂಭವೂ ಬಂತು. ಮನೆಯೊಳಗೆ ಕಾಲಿಟ್ಟವನೇ ಹೆಂಡತಿಯ ಕಡೆ ತಿರುಗಿದ.

"ನೋಡಿದ್ಯಾ? ಇಷ್ಟು ದಿನ ನೀನು ಓಟ್ಸು, ಬಿಸ್ಕತ್ತು, ಜಾಮು ಅಂತ ಹೇಳಿದ್ದು ಒಂದಕ್ಷರವೂ ಅವನಿಗೆ ಕೇಳಿಸಿಲ್ಲ! ಕಂಡುಹಿಡಿದನಂತೆ! ಏನು ಕಂಡುಹಿಡಿದ ಅವನು?"

"ಅವನು ಜೊತೆಗಿದ್ದ, ಅದಕ್ಕೇ ಕಂಡುಹಿಡಿದ್ವಿ ಅಂದೆ. ಚೀಟಿ ಓದಿದ್ದು ನಾನು, ಲೆಕ್ಕ ಹಾಕಿದ್ದು ನಾನು. ಮೇಲಿನ ಶೆಲ್ಫಿಂದ ಪೊಟ್ಟಣ ಇಳಿಸಿಕೊಡೋದು ಅವನ ಕೆಲಸ."

"ಅವನಿಗೆ ಕೇಳಿಸಲ್ಲ ಅಂತ ನಿನಗೆ ಗೊತ್ತಿತ್ತಾ?"

"ಮೊದಲ ದಿನದಿಂದಲೂ."

"ಮತ್ತೆ ಅವನ ಹತ್ರ ಯಾಕೆ ಅಷ್ಟೊಂದು ಮಾತು?"

ಮೈಬ್ರಿಟ್ ಟ್ಯುಲಿಪ್ಪಿನ ನೀರು ಬದಲಿಸುತ್ತಿದ್ದಳು. ತಿರುಗದೆಯೇ ಹೇಳಿದಳು. "ಅವನಿಗೆ ಕೇಳಿಸದಿದ್ರೂ ಪಕ್ಕದಲ್ಲಿ ನಿಂತು ತಲೆ ಆಡಿಸ್ತಾನೆ. ನಿನಗೆ ಎಲ್ಲ ಕೇಳಿಸುತ್ತೆ. ನೀನು ಕಾರಲ್ಲಿರ್ತೀಯ."

ಅವತ್ತು ಆ ಮನೆಯಲ್ಲಿ ಮತ್ತೇನೂ ನಪಾಸಾಗಲಿಲ್ಲ.

ಮುಂದಿನ ಗುರುವಾರ ಅವನು ಕಾರು ನಿಲ್ಲಿಸಿದ. ರೇಡಿಯೋ ಆರಿಸಿದ. ಪಂದ್ಯ ಫೈನಲ್ಲು ಬೇರೆ! ಆದರೂ ಇಳಿದ. ತಳ್ಳುಗಾಡಿ ತಾನೇ ಹಿಡಿದ. ಓದುವ ಕನ್ನಡಕ ಮೂಗಿಗೇರಿಸಿ, ಹಿಟ್ಟಿನ ಸಾಲು, ಕಾಳಿನ ಸಾಲು, ಸಾಬೂನಿನ ಸಾಲು, ಎಲ್ಲ ಕಡೆ ಹೆಂಡತಿಯ ಜೊತೆ ಬಾಗಿದ, ಎದ್ದ, ಮತ್ತೆ ಬಾಗಿದ. ಆಚೆ ತುದಿಯಲ್ಲಿ ಫೋಲ್ಕೆ ಕೈ ಬೀಸಿದರೆ ಇವನೂ ಬೀಸಿದ. ಮೈಬ್ರಿಟ್ ಪಾಸ್ತಾದ ಎರಡು ಪೊಟ್ಟಣ ಹಿಡಿದುಕೊಂಡು ಉದ್ದಕ್ಕೆ ಏನೋ ವಿವರಿಸುತ್ತಿದ್ದಳು. ಅವಳ ತುಟಿಗೆ ಇವತ್ತೂ ಬಣ್ಣವಿತ್ತು. ಎಷ್ಟು ಚೆನ್ನಾಗಿ ಒಪ್ಪುತ್ತದೆ! ಫೋಲ್ಕೆಗಿಂತ ಒಂದು ಕೈ ಮೇಲೆಯೇ ಇರಲೆಂದು ರೂನೆ ಎದೆಯ ಮೇಲೆ ಕೈಯಿಟ್ಟು, ಕತ್ತು ಕಳಚಿ ಬೀಳುವಂತೆ ತಲೆಯಾಡಿಸಿದ.

ಮೈಬ್ರಿಟ್ ಮಾತು ನಿಲ್ಲಿಸಿದಳು.

"ಈಗ ನಾನು ಏನು ಹೇಳಿದೆ?"

ರೂನೆ ಎಡಗಡೆಯ ಪೊಟ್ಟಣ ನೋಡಿದ. ಬಲಗಡೆಯ ಪೊಟ್ಟಣ ನೋಡಿದ. ಎರಡರಲ್ಲೂ ಉತ್ತರ ಬರೆದಿರಲಿಲ್ಲ.

"ಅದೇ... ತುಂಬಾ ಒಳ್ಳೇ ಮಾತು..."

ಮೈಬ್ರಿಟ್ ಎರಡೂ ಪೊಟ್ಟಣಗಳನ್ನು ಗಾಡಿಗೆ ಹಾಕಿದಳು.

"ಫೋಲ್ಕೆಗಾದ್ರೂ ಒಂದು ಕಾರಣ ಇತ್ತು!"